ರಂಪಣಿಯ ಪಾಲು

ಅವತ್ತು ಗಲಾಟೆ ಶುರುವಾದದ್ದು ಒಣಮೀನಿನಿಂದ.

1985ರ ಡಿಸೆಂಬರ್. ಮೈಸೂರಿನ ಚಾಮರಾಜಪುರಂ ರೈಲ್ವೆ ಸ್ಟೇಷನ್ನಿಗೆ ಹತ್ತಿರದಲ್ಲೇ ನಮ್ಮ ವಠಾರ. ನಂಜನಗೂಡಿನ ಕಡೆ ಹೋಗುವ ಮೀಟರ್ ಗೇಜ್ ಗಾಡಿ ಬಂತು ಅಂದರೆ ಗೂಡಿನಲ್ಲಿಟ್ಟ ಲೋಟಗಳು ಗಲಗಲ ಅನ್ನುತ್ತಿದ್ದವು. ಈರುಳ್ಳಿ ಹೆಚ್ಚುವುದಕ್ಕೂ ವಾರ ತಿಥಿ ನೋಡುವ ಮನೆಗಳು ಎಲ್ಲವೂ. ಅವರೆಕಾಯಿ ಕಾಲ ಬೇರೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಅಂಗಳದ ತುಂಬ ಅದರದ್ದೇ ಸೊಗಡು. ಅದರ ನಡುವೆ ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಇನ್ನೊಂದು ವಾಸನೆ ಎದ್ದಿತು. ಹೆಂಗಸರೆಲ್ಲ ಸೆರಗು ಮೂಗಿಗೆ ಹಿಡಿದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಲಿ ಸತ್ತಿದೆ ಅಂದರು ಒಬ್ಬರು. ನಮ್ಮಜ್ಜಿ ಮಾತ್ರ ಮಹಡಿಯ ಕಡೆ ಕೈ ತೋರಿಸಿ, "ಮೇಷ್ಟ್ರ ಮಾವ ಬಂದಿದಾರೆ" ಅಂದರು. ಅಷ್ಟು ಹೇಳಿದರೆ ಸಾಕಾಗಿತ್ತು.

ಮಹಡಿಯ ಮೇಲಿನ ಒಂಟಿ ಕೋಣೆಯಲ್ಲಿದ್ದವರು ನನಗೆ ಡ್ರಾಯಿಂಗ್ ಹೇಳಿಕೊಡುತ್ತಿದ್ದ ಮೇಷ್ಟ್ರು. ಊರು ಕುಂದಾಪುರದಾಚೆ ಮರವಂತೆ. ಹೆದ್ದಾರಿಯ ಒಂದು ಮಗ್ಗುಲಲ್ಲಿ ಸೌಪರ್ಣಿಕಾ ನದಿ, ಇನ್ನೊಂದು ಮಗ್ಗುಲಲ್ಲಿ ಅರಬ್ಬೀ ಸಮುದ್ರ ಇರುವ ಊರು. ಮೊಗವೀರರ ಮನೆ. ಅವರ ಕಡೆಯ ಹುಡುಗರು ಓದು ಬಿಟ್ಟರೆ ಮುಂಬಯಿ ಹೋಟೆಲು, ಬಿಡದಿದ್ದರೂ ಮುಂಬಯಿ ಹೋಟೆಲು ಎಂಬ ಕಾಲದಲ್ಲಿ ಇವರು ಘಟ್ಟ ಹತ್ತಿ ಮೈಸೂರಿಗೆ ಬಂದು ಚಿತ್ರ ಕಲಿತರು. ಉಡುಪಿಯ ಹತ್ತಿರದ ಕಟ್ಟಿಂಗೇರಿಯಂಥ ಹಳ್ಳಿಯಿಂದ ಹೊರಟ ಕೆ.ಕೆ. ಹೆಬ್ಬಾರರು ಅಷ್ಟು ದೊಡ್ಡ ಕಲಾವಿದರಾಗಬಹುದಾದರೆ ನಾನು ಒಂದು ಶಾಲೆಯ ಮೇಷ್ಟ್ರಾದರೂ ಆಗಬೇಡವೇ ಅಂತ ನಗುತ್ತಿದ್ದರು. ಅಜ್ಜಿಗೆ ಅವರನ್ನು ಕಂಡರೆ ಇಷ್ಟ. ಕಾಫಿ ತಪ್ಪದೆ ಕೊಡುತ್ತಿದ್ದರು, ಗಾಜಿನ ಲೋಟದಲ್ಲಿ. ಆ ಲೋಟ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಬೇರೆಯಾಗಿ ಇರುತ್ತಿತ್ತು. ನನಗದು ಕಾಣುತ್ತಿರಲಿಲ್ಲ ಅಂತಲ್ಲ, ಕಂಡು ಅಭ್ಯಾಸವಾಗಿತ್ತು.

ಮಾವ ಅಂದರೆ ಮೇಷ್ಟ್ರ ಸೋದರಮಾವ. ಅಳಿಯಸಂತಾನದ ಮನೆಗಳಲ್ಲಿ ಸೋದರಮಾವನ ಮಾತು ಅಪ್ಪನ ಮಾತಿಗಿಂತ ಒಂದು ತೂಕ ಹೆಚ್ಚು. ಮರವಂತೆಯಲ್ಲಿ ರಂಪಣಿ ಬಲೆ ಎಳೆದು ಎಳೆದು ಅಂಗೈ ಚಪ್ಪಲಿ ಅಟ್ಟೆಯಾಗಿದ್ದ ಮನುಷ್ಯ. ನಂಜನಗೂಡಿಗೆ ಏನೋ ಹರಕೆ ಇತ್ತಂತೆ. ಮಂಗಳೂರು, ಮಡಿಕೇರಿ, ಹುಣಸೂರು ಅಂತ ಬಸ್ಸಿನಲ್ಲಿ ರಾತ್ರಿಯಿಡೀ ಕುಲುಕಿಸಿಕೊಂಡು ಬಂದಿದ್ದರು. ಬರುವಾಗ ಅಳಿಯನಿಗೆ ಪ್ರೀತಿಯಿಂದ ಒಂದು ಕಟ್ಟು ಒಣ ಬಂಗುಡೆ. ವಠಾರದ ಪರಿಸ್ಥಿತಿ ನೋಡಿ ಮೇಷ್ಟ್ರು ಆ ಕಟ್ಟನ್ನು ಟರ್ಪೆಂಟೈನ್ ಬಾಟಲಿಗಳ ಕಪಾಟಿನೊಳಗೆ ಹಾಕಿ ಬೀಗ ಜಡಿದರು. ಎರಡು ವಾಸನೆಗಳು ಸೇರಿ ಮೂರನೆಯದೊಂದು ಹುಟ್ಟಿತು. ಅದನ್ನು ವರ್ಣಿಸುವ ಧೈರ್ಯ ನನಗಿಲ್ಲ.

ಸಂಜೆಯಾಗುತ್ತಿದ್ದ ಹಾಗೆ ಮಾವನಿಗೆ ಚಳಿ ಹತ್ತಿತು. ಕರಾವಳಿಯವರಿಗೆ ಮೈಸೂರಿನ ಮಾರ್ಗಶಿರ ಅಂದರೆ ಹಿಮಾಲಯವೇ. ಕಂಬಳಿ ಸುತ್ತಿಕೊಂಡು ಕೆಳಗಿಳಿದು ಬಂದು ಹಿತ್ತಲ ಬಚ್ಚಲೊಲೆಯ ಎದುರು ಕುಕ್ಕರಗಾಲಲ್ಲಿ ಕೂತುಬಿಟ್ಟರು. ಅಷ್ಟರಲ್ಲಿ ಕರೆಂಟು ಹೋಯಿತು. ನಾವು ಹುಡುಗರು ಓದುವುದನ್ನು ಬಿಟ್ಟು ಒಲೆಯ ಸುತ್ತ ಸೇರಿದೆವು. ಆಗ ಮೇಷ್ಟ್ರಿಗೆ ಏನನ್ನಿಸಿತೋ, ಮೇಲೆ ಹೋಗಿ ತಮ್ಮ ಹೊಸ ಚಿತ್ರವನ್ನು ಎತ್ತಿಕೊಂಡು ಬಂದರು. ಬಾಗಿಲಿಗೆ ಒರಗಿಸಿ ಲಾಟೀನು ಹಿಡಿದು ನಿಂತರು. ಮಾವನಿಗೆ ತೋರಿಸಬೇಕೆಂದು ತಿಂಗಳುಗಳಿಂದ ಕಾದಿದ್ದರು, ಪಾಪ.

ಆ ಚಿತ್ರ ನನಗೆ ಗೊತ್ತಿತ್ತು. ಸೂರ್ಯ ಮುಳುಗುವ ಹೊತ್ತು, ಚಿನ್ನ ಕರಗಿಸಿ ಹುಯ್ದಂಥ ನೀರು, ಒಂದು ಖಾಲಿ ದೋಣಿ, ನಮಗೆ ಬೆನ್ನು ಮಾಡಿ ಹಗ್ಗ ಎಳೆಯುವ ಮೂವರು. ಹೆಸರು 'ಕೊನೆಯ ರಂಪಣಿ'. ಆ ಬೆಳಕು ಎಲ್ಲಿಂದ ಬಂತು ಅಂತಲೂ ಗೊತ್ತಿತ್ತು. ಭಾನುವಾರ ಮೇಷ್ಟ್ರು ನಮ್ಮನ್ನು ಜಗನ್ಮೋಹನ ಅರಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ದೀಪ ಹಿಡಿದ ಮಹಿಳೆಯ ಚಿತ್ರದ ಎದುರು ಜನ ನಿಂತು ದೀಪ ನಿಜವಾಗಿ ಉರಿಯುತ್ತಿದೆಯೇ ಅಂತ ಬಗ್ಗಿ ನೋಡುತ್ತಾರಲ್ಲ, ರವಿವರ್ಮನದು ಅಂದುಕೊಂಡು ಹೊಗಳಿ ಹೋಗುತ್ತಾರಲ್ಲ, ಮೇಷ್ಟ್ರಿಗೆ ಅದು ತಡೆಯುತ್ತಿರಲಿಲ್ಲ. "ರವಿವರ್ಮ ಅಲ್ಲ ಕಣ್ರೋ, ಸಾವಂತವಾಡಿಯ ಹಳದಣಕರ್. ಎಣ್ಣೆಬಣ್ಣವೂ ಅಲ್ಲ, ನೀರುಬಣ್ಣ" ಅಂತ ಗೊತ್ತಿಲ್ಲದವರಿಗೂ ಹೋಗಿ ಹೇಳುತ್ತಿದ್ದರು. ಆ ದೀಪದ ಬೆಳಕನ್ನೇ ಕಡಲಿನ ಮೇಲೆ ಹರಡಿಸಬೇಕು ಅನ್ನುವುದು ಅವರ ಹಟ. ಹರಡಿಸಿಯೂ ಇದ್ದರು. ನಮಗೆಲ್ಲ ಆ ಚಿತ್ರ ಕಂಡರೆ ಗಂಟಲು ಕಟ್ಟುತ್ತಿತ್ತು.

ಮಾವ ಬಹಳ ಹೊತ್ತು ನೋಡಿದರು. ಹತ್ತಿರ ಹೋಗಿ ಮೂಸಿದರು. ಅಗಸೆ ಎಣ್ಣೆಯ ವಾಸನೆ ಹಿಡಿಸಿರಬೇಕು. ದೋಣಿಗೆ ಮೀನೆಣ್ಣೆ ಬಳಿಯುತ್ತಿದ್ದ ದಿನಗಳ ಬಗ್ಗೆ ಏನೋ ಒಂದೆರಡು ಮಾತು ಆಡಿಕೊಂಡರು. ಆಮೇಲೆ ಅಂದರು:

"ಎಂತ ಮಗಾ ಇದ್, ಹೆಣದ್ ಹತ್ರ ದೀಪ ಹಚ್ಚಿಟ್ಟಂಗ್ ಇತ್ತಲ್ಲಾ. ಯಾರ್ ಸತ್ತದ್?"

ಮೇಷ್ಟ್ರು ನಕ್ಕರು. ಮಾವ ನಗಲಿಲ್ಲ.

"ಮೂರ್ ಜನ ರಂಪಣಿ ಎಳೂದಾ? ಮೂರ್ ಜನ ಎಳ್ದ್ರೆ ಹಗ್ಗವೇ ಬತ್ತಿಲ್ಲೆ. ಉಳ್ದವ್ರೆಲ್ಲ ಎಲ್ಲಿ?"

ಮೇಷ್ಟ್ರು ಸಮಜಾಯಿಷಿ ಕೊಡಲು ನೋಡಿದರು. ಇದು ಕೊನೆಯ ರಂಪಣಿ ಮಾವ, ಜನ ಬಿಟ್ಟುಹೋಗಿದ್ದಾರೆ, ಆ ಶೂನ್ಯ ಕಾಣಬೇಕು ಅಂತ ಹೀಗೆ. ಮಾವ ಕಿವಿಗೆ ಹಾಕಿಕೊಳ್ಳಲೇ ಇಲ್ಲ. ಒಲೆಯ ಬಾಯಿಂದ ಒಂದು ಇದ್ದಿಲು ಎಳೆದು ಆರಿಸಿಕೊಂಡು ಹಿತ್ತಲ ಗಾರೆ ನೆಲದ ಮೇಲೆ ಬರೆಯತೊಡಗಿದರು.

ಆ ಮಟ್ಟೆಯನ್ನು ಸ್ವಲ್ಪ ಒಳಕ್ಕೆ ನೂಕು, ಬೆಂಕಿ ಸಣ್ಣಗಾಯಿತು ಅಂದರು ಮಾವ ನಡುವೆ. ಹಾಂ.

ಮೊದಲು ಒಂದು ಉದ್ದ ಗೆರೆ, ಅದು ದಡ. ದಡದ ಒಂದು ಕಡೆಯಿಂದ ಹೊರಟು ಕಡಲೊಳಗೆ ಅರ್ಧಚಂದ್ರದ ಹಾಗೆ ಸುತ್ತಿ ಇನ್ನೊಂದು ಕಡೆಗೆ ಬಂದು ಸೇರುವ ಗೆರೆ, ಅದು ಬಲೆ. ರಂಪಣಿ ಅಂದರೆ ನೀವು ಈಗ ಮಲ್ಪೆಯಲ್ಲಿ ನೋಡುವ ಬಲೆಯಂಥದ್ದಲ್ಲ. ಗೋವೆಯ ಕಡೆಯಿಂದ ನಮ್ಮ ಕರಾವಳಿಗೆ ಬಂದ ಏರ್ಪಾಡು. ಬಲೆಯ ಉದ್ದವೇ ಕಿಲೋಮೀಟರಿಗೆ ಮಿಕ್ಕುವುದಿತ್ತು. ಅಷ್ಟು ಬಲೆ ಯಾರೊಬ್ಬರ ಸೊತ್ತೂ ಅಲ್ಲ. ಇವರ ಮನೆಯದು ಒಂದಿಷ್ಟು ತುಂಡು, ಅವರ ಮನೆಯದು ಒಂದಿಷ್ಟು ತುಂಡು, ಎಲ್ಲ ಜೋಡಿಸಿ ಹೊಲಿದರೆ ರಂಪಣಿ. ನೈಲಾನ್ ಬರುವುದಕ್ಕೆ ಮುಂಚೆ ನೂಲಿನ ಬಲೆ. ಮರದ ತೊಗಟೆ ಕುದಿಸಿದ ಚೊಗರಿನಲ್ಲಿ ಅದ್ದಿ ಒಣಗಿಸಬೇಕು, ಇಲ್ಲದಿದ್ದರೆ ಉಪ್ಪುನೀರು ತಿಂದುಹಾಕುತ್ತದೆ. ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ ಬಂಗುಡೆ, ಬೈಗೆ ಮೀನುಗಳು ಹಿಂಡು ಕಟ್ಟಿಕೊಂಡು ದಡದ ಹತ್ತಿರಕ್ಕೆ ಬರುತ್ತವೆ. ದೋಣಿಯ ಮುಂದಾಳು ತಾಂಡೇಲ ನೀರಿನ ಬಣ್ಣ ನೋಡಿಯೇ ಹೇಳಬೇಕು.

"ಎಂಥ ಬಣ್ಣ ಮಾವ?" ಮೇಷ್ಟ್ರು ಕೇಳಿದರು. ಬಣ್ಣ ಅಂದಾಗ ಅವರ ದನಿಯೇ ಬದಲಾಗಿತ್ತು.

ಮಾವ ಯೋಚಿಸಿದರು. ಪೆಟ್ಟು ಬಿದ್ದು ನಾಲ್ಕು ದಿನವಾದ ಮೇಲೆ ಚರ್ಮ ತಿರುಗುತ್ತದಲ್ಲ, ಆ ಬಣ್ಣ ಅಂದರು. ಕತ್ತಲಲ್ಲಾದರೆ ಬೇರೆ, ಹಿಂಡು ಹೊರಳಿದ ಕಡೆ ನೀರೇ ಮಿಂಚುತ್ತದೆ.

ಆಮೇಲೆ ಹಗ್ಗ. ಎರಡು ತುದಿಗೆ ಎರಡು ಹಗ್ಗ, ಎರಡು ಕಡೆ ಎರಡು ಸಾಲು ಜನ. ಮಾವ ಇದ್ದಿಲಿನಲ್ಲಿ ಒಂದೊಂದು ಗೀಟು ಹಾಕುತ್ತಾ ಹೋದರು. ಬರೀ ಗೀಟು ಅಂತ ನಾವು ಅಂದುಕೊಂಡಿದ್ದೆವು. ಅಲ್ಲ, ಒಂದೊಂದಕ್ಕೂ ಹೆಸರಿತ್ತು. ಈ ಮನೆಯ ಅಣ್ಣ, ಆ ಮನೆಯ ತಮ್ಮ. ಇವನು ಕಳ್ಳ, ಎಳೆಯುವ ಹಾಗೆ ನಟನೆ ಮಾಡುತ್ತಾನೆ. ಇವಳು ಗಂಡ ಸತ್ತವಳು, ಎಳೆಯಲು ಬರುವುದಿಲ್ಲ, ಆದರೆ ಅವಳ ಬಲೆಯ ತುಂಡು ಬಲೆಯಲ್ಲಿದೆ, ಅದಕ್ಕೆ ಅವಳಿಗೂ ಗೀಟು. ಇವನಿಗೆ ಕಣ್ಣು ಕಾಣದು, ಹಗ್ಗ ಸುತ್ತಿಡುತ್ತಾನೆ. ಇವು ಶಾಲೆ ತಪ್ಪಿಸಿದ ಮಕ್ಕಳು. ಬುಟ್ಟಿ ಹಿಡಿದು ಕಾಯುವ ಹೆಂಗಸರು ಹಿಂದಿನ ಸಾಲಿನಲ್ಲಿ, ಅವರಿಗೆ ಮಾರುವುದಕ್ಕೆ ಹೋಗಲು ತಡವಾಗುತ್ತಿದೆ, ಬಯ್ಯುತ್ತಿದ್ದಾರೆ. ದಾರಿಯಲ್ಲಿ ಹೋಗುತ್ತಿದ್ದವನು ಹಗ್ಗಕ್ಕೆ ಕೈ ಹಾಕಿದ, ಅವನಿಗೂ ಒಂದು. ಬೊಬ್ಬರ್ಯನ ಗುಡಿಗೆ ಒಂದು. ಹಿತ್ತಲ ನೆಲ ತುಂಬಿ ತುಳಸಿಕಟ್ಟೆಯ ಬುಡದವರೆಗೆ ಗೀಟುಗಳು ಹೋದವು. ಒಳಗಿನಿಂದ ನಮ್ಮಜ್ಜಿ ಬಂದು ಸೊಂಟಕ್ಕೆ ಕೈಕೊಟ್ಟು ನಿಂತವರು ಬಯ್ಯುವುದನ್ನು ಮರೆತರು. "ಅಷ್ಟು ಜನಕ್ಕೂ ಪಾಲು ಬರತ್ತಾ?" ಅಂತ ಕೇಳಿದರು.

"ಬತ್ತಿತ್ ಅಮ್ಮ. ಜಗಳ ಮಾಡ್ಕಂಡ್ ಬತ್ತಿತ್."

ಜಗಳವನ್ನೂ ಬಿಡಿಸಿ ಹೇಳಿದರು. ದೋಣಿಗೆಷ್ಟು, ಬಲೆಗೆಷ್ಟು, ಮೈಗೆಷ್ಟು ಅನ್ನುವುದು ಪ್ರತಿ ವರ್ಷದ ರಾಮಾಯಣ. ರಂಪಣಿ ಅಂದರೆ ದೇವಲೋಕ ಅಂತ ತಿಳಿಯಬೇಡಿ ಅಂದರು. ಮೀನೇ ಬಾರದ ವರ್ಷ ಇತ್ತು. ಸಾಹುಕಾರನ ಸಾಲ ತೀರದೆ ಬಲೆಯ ತುಂಡು ಮಾರಿಕೊಂಡವರಿದ್ದರು. ಬಂದರೋ, ಒಂದೇ ದಿನ ಹೊತ್ತು ಮುಗಿಸಲಾರದಷ್ಟು ಬಂದು, ಬಲೆಯನ್ನು ನೀರಲ್ಲೇ ಸುತ್ತಿ ನಿಲ್ಲಿಸಿಕೊಂಡು ದಿನಾ ಒಂದಿಷ್ಟು ತೆಗೆಯುತ್ತಿದ್ದರು. ಕೊಳ್ಳುವವರಿಲ್ಲದೆ ಬೈಗೆಯನ್ನು ತೆಂಗಿನ ಬುಡಕ್ಕೆ ಗೊಬ್ಬರ ಹಾಕಿದ್ದೂ ಇದೆ.

ಅಜ್ಜಿ ಒಳಗೆ ಹೋಗಿ ಎಲ್ಲರಿಗೂ ಕಾಫಿ ತಂದರು. ಕತ್ತಲಿಗೋ ಗಡಿಬಿಡಿಗೋ ಗೊತ್ತಿಲ್ಲ, ಎಲ್ಲ ಸ್ಟೀಲ್ ಲೋಟಗಳೇ ಬಂದವು. ಮರುದಿನ ಗಾಜಿನ ಲೋಟ ಮತ್ತೆ ತನ್ನ ಜಾಗದಲ್ಲಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಕಾಫಿ ಕುಡಿಯುತ್ತಾ ಮಾವ ಎರಡನೆಯ ಚಿತ್ರ ಬರೆದರು. ಇದಕ್ಕೆ ಜಾಗ ಹೆಚ್ಚು ಬೇಕಾಗಲಿಲ್ಲ. ದಡದಿಂದ ಬಹಳ ದೂರ ಒಂದು ಸಣ್ಣ ಸೊನ್ನೆ, ಅದರ ಪಕ್ಕ ಒಂದು ದೋಣಿ. ಅದು ಪರ್ಸಿನ್. 1970ರ ದಶಕದ ನಡುವೆ ಮಂಗಳೂರಿನ ಕಡೆಯಿಂದ ಶುರುವಾದದ್ದು. ಎಂಜಿನ್ ಬೋಟು ಮೀನಿನ ಹಿಂಡನ್ನು ಹುಡುಕಿಕೊಂಡು ಹೋಗಿ ಸುತ್ತುಗಟ್ಟಿ, ಬಲೆಯ ಅಡಿಯ ಬಳೆಗಳಲ್ಲಿ ಓಡುವ ಹಗ್ಗವನ್ನು ಜಗ್ಗಿದರೆ ಕೆಳಬಾಯಿ ಮುಚ್ಚಿಹೋಗುತ್ತದೆ. ಇಡೀ ಹಿಂಡು ಒಳಗೆ. ಬೋಟಿಗೆ ಸಾಲ ಕೊಡಲು ಬ್ಯಾಂಕುಗಳು ಬಂದವು, ಕಡಲಿಗೆ ಕಾಲಿಡದವರೂ ಮಾಲೀಕರಾದರು. ಕೆಲವೇ ವರ್ಷ, ಸಾಲುಸಾಲು ರಂಪಣಿಗಳು ಮನೆಯ ಅಟ್ಟ ಸೇರಿದವು. ರಂಪಣಿಯವರು ಬೀದಿಗಿಳಿದರು. ಅದೇ ಹೊತ್ತಿಗೆ ಗೋವೆಯಲ್ಲೂ ರಂಪಣಿಯವರ ದೊಡ್ಡ ಚಳವಳಿ ನಡೆದಿತ್ತು. ಯಾಂತ್ರಿಕ ಬೋಟು ಎಲ್ಲಿ ಮೀನು ಹಿಡಿಯಬಹುದು, ನಾಡದೋಣಿಗೆ ಎಷ್ಟು ದೂರ ಬಿಡಬೇಕು ಎಂದೆಲ್ಲ ಕಟ್ಟುಪಾಡು ತರುವ ಸಮುದ್ರ ಮೀನುಗಾರಿಕೆಯ ಕಾಯ್ದೆ ಕರ್ನಾಟಕದಲ್ಲಿ ಬಂದದ್ದು 1986ರಲ್ಲಿ, ನಾವು ಹೀಗೆ ಒಲೆಯ ಮುಂದೆ ಕೂತ ಮರುವರ್ಷ. ಅಷ್ಟರಲ್ಲಿ ಕಾಯುವುದಕ್ಕೆ ರಂಪಣಿಯೇ ಉಳಿದಿರಲಿಲ್ಲ.

"ಮೀನ್ ದಡಕ್ಕೆ ಬಪ್ಪುಕ್ ಮುಂಚೆ ನಡು ಕಡಲಲ್ಲೇ ಹಿಡ್ದ್ ಬಾಯಿ ಕಟ್ಟಿದ್ರೆ, ದಡದಲ್ಲಿ ಇಪ್ಪವ ಎಂತ ಮಾಡುದ್?" ಮಾವ ಸೊನ್ನೆಯ ಪಕ್ಕ ಕೆಲವೇ ಗೀಟು ಹಾಕಿ ನಿಲ್ಲಿಸಿದರು. ಒಂದು ಗೀಟನ್ನು ತೋರಿಸಿ, "ಇದ್ ನನ್ನ ಮಗ" ಅಂದರು. ಮಗ ಪರ್ಸಿನ್ ಬೋಟಿನಲ್ಲಿ ಕೆಲಸಕ್ಕಿದ್ದ. ಒಳ್ಳೆ ದುಡ್ಡು, ಮನೆಗೆ ಹೆಂಚು ಹೊದೆಸಿದ್ದ. ಹೇಳುವಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಹೆಮ್ಮೆಯೇ ಇತ್ತು. ನನಗೆ ಆಗ ಅದು ಅರ್ಥವಾಗಲಿಲ್ಲ. ಶತ್ರು ಯಾರು ಅಂತ ಗೊತ್ತಾಗದ ಕಥೆ ಹದಿನಾಲ್ಕರ ಹುಡುಗರಿಗೆ ರುಚಿಸುವುದಿಲ್ಲ.

ಕರೆಂಟು ಬಂತು. ಮಾವ ಎದ್ದು ಮಲಗಲು ಹೋಗುವಾಗ ಮೆಟ್ಟಿಲ ಮೇಲೆ ನಿಂತು ಇನ್ನೊಂದು ಮಾತು ಅಂದರು. ಎಳೆಯುವವರ ಬೆನ್ನು ಕಾಣುವುದು ಗದ್ದೆ ಕಡೆಯಿಂದ ಬಂದವರಿಗೆ. ದೋಣಿಯಲ್ಲಿರುವ ತಾಂಡೇಲನಿಗೆ ಎಲ್ಲರ ಮುಖ ಕಾಣುತ್ತದೆ.

ಮೇಷ್ಟ್ರು ಆ ರಾತ್ರಿ ಮಲಗಲಿಲ್ಲ. ಡ್ರಾಯಿಂಗ್ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿಕೊಂಡು, ಲೈಟಿನ ಕೆಳಗೆ ಮೊಣಕಾಲೂರಿ, ನೆಲದ ಗೀಟುಗಳನ್ನೆಲ್ಲ ನಕಲು ಮಾಡಿಕೊಂಡರು. ನಾನು ಪಕ್ಕದಲ್ಲಿ ಕೂತು ಮಾವ ಹೇಳಿದ ಹೆಸರುಗಳಲ್ಲಿ ನೆನಪಿದ್ದಷ್ಟು ಹೇಳಿದೆ. ಬೆಳಗಾಗುತ್ತಲೇ ಅಜ್ಜಿ ಹಿತ್ತಲು ತೊಳೆದು ರಂಗೋಲಿ ಹಾಕಿದರು. ಮಾವ ನಂಜನಗೂಡಿನ ಗಾಡಿ ಹತ್ತಿದರು.

'ಕೊನೆಯ ರಂಪಣಿ' ಬೇಗ ಮಾರಾಟವಾಯಿತು. ನಮ್ಮ ಕಡೆಯದೇ ಒಂದು ಹೋಟೆಲಿನವರು ಕೊಂಡು ಕ್ಯಾಷ್ ಕೌಂಟರಿನ ಮೇಲೆ ತೂಗುಹಾಕಿದರು. ಮಸಾಲೆ ದೋಸೆಗೆ ಕಾಯುತ್ತಾ ಜನ ಅದನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಅಂಥ ಚಿತ್ರಗಳನ್ನು ಆಮೇಲೆ ಎಷ್ಟೋ ಕಡೆ ನೋಡಿದ್ದೇನೆ, ಕ್ಯಾಲೆಂಡರುಗಳಲ್ಲಿ, ಪ್ರವಾಸೋದ್ಯಮದ ಪುಸ್ತಿಕೆಗಳಲ್ಲಿ. ಒಂಟಿ ದೋಣಿ, ಸಂಜೆಯ ಬಂಗಾರ. ಕಡಲ ಬದುಕು ಹೋಯಿತು ಅಂತ ಅಳಿಸುವ ಚಿತ್ರಗಳಲ್ಲಿ ಯಾಕೋ ಯಾವಾಗಲೂ ಜನ ಕಡಿಮೆ. ಕಳೆದುಹೋದದ್ದೇ ಜನಜಂಗುಳಿ, ಕೂಗಾಟ, ಪಾಲಿನ ಜಗಳ. ಅದನ್ನು ಬಿಟ್ಟು ಸೂರ್ಯನನ್ನು ಬರೆದರೆ, ಸೂರ್ಯ ಎಲ್ಲಿ ಹೋಗಿದ್ದಾನೆ? ದಿನಾ ಮುಳುಗುತ್ತಲೇ ಇದ್ದಾನೆ.

ಹೊಸ ಚಿತ್ರಕ್ಕೆ ಮೇಷ್ಟ್ರು ಒಂದು ವರ್ಷದ ಮೇಲೆ ತೆಗೆದುಕೊಂಡರು. ಒಂದೇ ಹಲಗೆಯಲ್ಲಿ ಮಾಡಿದ್ದರೆ ನಮ್ಮ ವಠಾರದ ಮೆಟ್ಟಿಲಲ್ಲಿ ಇಳಿಯುತ್ತಿರಲಿಲ್ಲ. ಹಾಗಾಗಿ ಎರಡು ಹಾರ್ಡ್‌ಬೋರ್ಡ್, ಎಡದ ಹಗ್ಗಕ್ಕೊಂದು, ಬಲದ ಹಗ್ಗಕ್ಕೊಂದು. ಎಲ್ಲರ ಮುಖವೂ ನಮ್ಮ ಕಡೆಗೆ. ಹಲ್ಲು ಕಚ್ಚಿದವರು, ಬಾಯಿ ಬಿಟ್ಟವರು, ನಗುವವರು, ಎಳೆಯುವ ನಟನೆ ಮಾಡುವ ಕಳ್ಳ, ಹಿಂದೆ ಬುಟ್ಟಿ ಹಿಡಿದು ಬಯ್ಯುವ ಹೆಂಗಸರು. ಬಿಸಿಲು ನಡುಹಗಲಿನದು, ನೆರಳು ಕಾಲ ಬುಡದಲ್ಲಿ. ನೀರಿನ ಬಣ್ಣ ಆ ಹಳೇ ಪೆಟ್ಟಿನ ಬಣ್ಣ. ಅದನ್ನು ಹಿಡಿಯಲು ಎಷ್ಟು ಟ್ಯೂಬ್ ಹಿಂಡಿದರೋ. ಎರಡು ಹಲಗೆಗಳ ನಡುವೆ ಖಾಲಿ ಗೋಡೆ ಬಿಡಬೇಕು, ಅಲ್ಲೇ ಬಲೆ ಇರುವುದು, ನೋಡುವವರು ನಿಂತಿರುವುದು ಬಲೆಯೊಳಗೆ. ಒಂದು ಪ್ರದರ್ಶನಕ್ಕೆ ಕಳಿಸಿದರು. ಅಲ್ಲಿಯವರು ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ನೇತುಹಾಕಿದ್ದರು. ಎರಡು ಗುಂಪಿನವರೂ ಇಡೀ ವಾರ ಪಕ್ಕದ ಬಾಗಿಲು ಕಿಟಕಿಗಳನ್ನು ಎಳೆಯುತ್ತಾ ನಿಂತಿದ್ದರು. ಯಾರೂ ಕೊಳ್ಳಲಿಲ್ಲ.

ನಿವೃತ್ತಿಯಾದ ಮೇಲೆ ಮೇಷ್ಟ್ರು ಹಲಗೆಗಳನ್ನು ಲಾರಿಯಲ್ಲಿ ಹಾಕಿಕೊಂಡು ಊರಿಗೆ ಹೋದರು. ಈಗ ಅವರಿಲ್ಲ. ಈಚೆಗೆ ಕೊಲ್ಲೂರಿಗೆ ಹೋದವನು ಮರವಂತೆಯಲ್ಲಿ ಇಳಿದು ಅವರ ಮನೆ ಹುಡುಕಿದೆ. ಚಾವಡಿಯಲ್ಲಿ ಎರಡೂ ಇವೆ, ಸರಿಯಾದ ಕಡೆಗಳಲ್ಲೇ ಇವೆ, ನಡುವೆ ಗೋಡೆಯೂ ಖಾಲಿ ಇದೆ. ಕರಾವಳಿಯ ಮಳೆಗೆ ಹಾರ್ಡ್‌ಬೋರ್ಡ್ ಅಂಚಿನಲ್ಲಿ ಉಬ್ಬಿದೆ. ಮನೆಯ ಸೊಸೆ ಬೆರಳಿಟ್ಟು ತೋರಿಸಿದರು: ಇದು ನಮ್ಮಜ್ಜಿ, ಇದು ಆಚೆ ಮನೆ ದೊಡ್ಡಪ್ಪ, ಈ ಕಳ್ಳನ ಮೊಮ್ಮಗ ಈಗ ಪಂಚಾಯ್ತಿ ಮೆಂಬರು. ಮನೆಗೆ ಬಂದವರೆಲ್ಲ ತಮ್ಮವರನ್ನು ಹುಡುಕುತ್ತಾರಂತೆ. ಸಿಗದಿದ್ದರೆ ಬೇಜಾರು ಮಾಡಿಕೊಂಡು ಹೋಗುತ್ತಾರಂತೆ.

ಅಲ್ಲಿಂದ ಕಡಲಿಗೆ ನಡೆದೆ. ಕೊರೆತ ತಡೆಯಲು ದಡದುದ್ದಕ್ಕೂ ಬಂಡೆ ಸುರಿದಿದ್ದಾರೆ. ರಂಪಣಿಗೆ ಮೀನಷ್ಟೇ ಸಾಲದು, ಕಾಲೂರಿ ಹಿಂದಕ್ಕೆ ಸರಿಯಲು ಹೊಯ್ಗೆಯ ದಡವೂ ಬೇಕು. ಬಂಡೆಗಳ ಮೇಲೆ ನಿಂತು ಯಾರು ಏನನ್ನು ಎಳೆಯುವುದು? ಆದರೆ ತ್ರಾಸಿಯ ಕಡೆ ಹೋದಾಗ ಒಂದು ಬಯಲು ಸಿಕ್ಕಿತು, ಅಲ್ಲಿ ಕೈರಂಪಣಿ ಎಳೆಯುತ್ತಿದ್ದರು. ದೊಡ್ಡ ರಂಪಣಿಯ ಮರಿ ಅನ್ನಿ, ಸಣ್ಣ ಬಲೆ, ಹತ್ತಿಪ್ಪತ್ತು ಜನ. ಕೆಲವರು ಮೊಬೈಲು ಹಿಡಿದು ಸೂರ್ಯಾಸ್ತಕ್ಕೆ ಕಾಯುತ್ತಿದ್ದರು. ನಾನು ಚಪ್ಪಲಿ ಬಿಟ್ಟು ಹಗ್ಗಕ್ಕೆ ಕೈ ಹಾಕಿದೆ. ಯಾರೂ ಯಾರು ನೀನು ಅಂತ ಕೇಳಲಿಲ್ಲ. ಅಂಗೈ ಸುಲಿದುಹೋಯಿತು.

ಬಲೆ ಬಂದ ಮೇಲೆ ಒಬ್ಬ ಒಂದು ಪ್ಲಾಸ್ಟಿಕ್ ಚೀಲಕ್ಕೆ ನಾಲ್ಕು ಬಂಗುಡೆ ಹಾಕಿ ನನ್ನ ಕೈಗೆ ಕೊಟ್ಟ. ಅಯ್ಯೋ ನಾವು ತಿನ್ನೋದಿಲ್ಲ ಅಂದೆ.

"ತಿಂಬುದ್ ಬಿಡೂದ್ ನಿಮ್ಮಿಷ್ಟ. ಎಳ್ದವ್ರಿಗೆ ಪಾಲ್ ಇತ್ತ್."

ಚೀಲ ಹಿಡಿದುಕೊಂಡೇ ಕುಂದಾಪುರದ ಬಸ್ಸು ಹತ್ತಿದೆ. ಕಂಡಕ್ಟರ್ ಬಗ್ಗಿ ನೋಡಿ, "ಬಂಗ್ಡಿಯಾ? ಎಷ್ಟ್ ಕೊಟ್ರಿ?" ಅಂದ. ಕೊಟ್ಟಿಲ್ಲ, ಎಳೆದೆ ಅಂದೆ. ಇಳಿಯುವಾಗ ಚೀಲ ಅವನಿಗೇ ಕೊಟ್ಟೆ. ಅವನು ಬೇಡ ಅನ್ನಲಿಲ್ಲ. ಬಸ್ಸು ಹೊರಡುವ ಮುಂಚೆ ಮುಂದೆ ಹೋಗಿ ಡ್ರೈವರಿಗೆ ಕೂಗಿ ಹೇಳಿದ: "ಎರಡ್ ನಿಂಗೆ, ಎರಡ್ ನಂಗೆ."